ಬೀರಪ್ಪನ ಎಣಿಕೆ

ಕಳೆದ ತಿಂಗಳು ಮಾನ್ವಿಯಿಂದ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಕುರಿಗಾಹಿ ಬಂದು ನನ್ನ ಪಕ್ಕದಲ್ಲಿ ಕುಳಿತ. ಹೆಗಲ ಮೇಲೆ ಕರಿ ಕಂಬಳಿ. ಇಬ್ಬನಿಗೆ ತೊಯ್ದ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ವರ್ಣಿಸಬೇಕಿಲ್ಲ. ಗೊತ್ತಿಲ್ಲದಿದ್ದರೆ ವರ್ಣಿಸಿ ಪ್ರಯೋಜನವಿಲ್ಲ. ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ, ಅಷ್ಟು ಸಭ್ಯತೆ ನನ್ನಲ್ಲಿದೆ. ಆದರೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ತೊಡೆಯ ಮೇಲಿನ ಫೈಲಿನಲ್ಲಿ ನನ್ನ ಭಾಷಣವಿತ್ತು. ಹೊಸ ಶಿಕ್ಷಕರ ತರಬೇತಿಯಲ್ಲಿ, ಮಕ್ಕಳಿಗೆ ಶೀಲ ಕಲಿಸುವುದು ಹೇಗೆ ಎಂದು ನಾನು ಒಂದು ಗಂಟೆ ಮಾತಾಡಬೇಕಿತ್ತು. ಆ ವಾಸನೆಗೆ ಬೀರಪ್ಪ ನೆನಪಾದ. ಬೇರೆ ದಿನ ನೆನಪಾಗಿದ್ದರೆ ತಳ್ಳಿಹಾಕುತ್ತಿದ್ದೆ. ಮೂವತ್ತು ವರ್ಷ ಅದನ್ನೇ ಮಾಡಿದ್ದೇನೆ.

ದೇವದುರ್ಗದ ಒಂದು ಸರ್ಕಾರಿ ಗಂಡುಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿಗೆ ಗಣಿತ ಮತ್ತು ನೀತಿ ಎರಡೂ ನನ್ನವೇ. ಗಣಿತಕ್ಕೆ ಪುಸ್ತಕವಿತ್ತು, ನೀತಿಗೆ ನನ್ನ ಬಾಯಿ. ನನ್ನದೇ ಒಂದು ಪದ್ಧತಿಯನ್ನೂ ಹುಟ್ಟುಹಾಕಿದ್ದೆ. ಶನಿವಾರ ಬೆಳಗಿನ ಮೊದಲ ಅವಧಿಯಲ್ಲಿ ಹುಡುಗರು ಒಬ್ಬೊಬ್ಬರಾಗಿ ಎದ್ದು ಆ ವಾರ ತಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಹೊಡೆತವಿಲ್ಲ, ಬೈಗುಳವಿಲ್ಲ, ಹೇಳಿದವನಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಹುಡುಗರಿಗೆ ಇದು ಬಲು ಇಷ್ಟವಾಗಿತ್ತು. ತಪ್ಪು ಮಾಡದವರು ಚಪ್ಪಾಳೆಯ ಆಸೆಗೆ ಹುಟ್ಟಿಸಿಕೊಂಡು ಹೇಳುತ್ತಿದ್ದರು. ಒಬ್ಬನಂತೂ ಒಂದೇ ಪೇರಲ ಹಣ್ಣನ್ನು ಮೂರು ಶನಿವಾರ ಕದ್ದ. ಕೇಳಿದವರೆಲ್ಲ ನನ್ನನ್ನು ಹೊಗಳುತ್ತಿದ್ದರು, ನಾನು ಬೇಡ ಬೇಡ ಎನ್ನುತ್ತಲೇ ಹೊಗಳಿಸಿಕೊಳ್ಳುತ್ತಿದ್ದೆ. ಒಂದು ಶನಿವಾರವೂ ನಾನು ಎದ್ದು ನಿಂತು ನನ್ನ ತಪ್ಪನ್ನು ಹೇಳಲಿಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಬೀರಪ್ಪ ಮಲ್ಲಟದ ಕುರುಬರ ಹುಡುಗ, ದೇವದುರ್ಗದ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಓದಿನಲ್ಲಿ ಸಾಧಾರಣ, ಎಣಿಕೆಯಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಹಟ್ಟಿಯ ಬಾಗಿಲಲ್ಲಿ ನುಗ್ಗುವ ಕುರಿಗಳನ್ನು ಎಣಿಸಿ ಬೆಳೆದವನು. ಪ್ರಾರ್ಥನೆಯ ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಬೆರಳು ತೋರಿಸದೆ, ಇಷ್ಟು ಮಂದಿ ಎಂದುಬಿಡುತ್ತಿದ್ದ. ನಾನೇ ಎಷ್ಟೋ ಸಲ ಪರೀಕ್ಷಿಸಿ ಸೋತಿದ್ದೆ.

ಹತ್ತಿ ಬಿಡಿಸುವ ದಿನಗಳು ಬಂದರೆ ನಮ್ಮ ತರಗತಿ ತೆಳ್ಳಗಾಗುತ್ತಿತ್ತು. ಹೊಲಕ್ಕೆ ಹೋದ ಹುಡುಗರಿಗೂ ನಾವು ಹಾಜರಿ ಹಾಕುತ್ತಿದ್ದೆವು. ಮಕ್ಕಳ ಹೆಸರು ಹೋಗಬಾರದು ಎಂದು ನಮ್ಮ ನಮ್ಮಲ್ಲಿ ಹೇಳಿಕೊಳ್ಳುತ್ತಿದ್ದೆವು. ಅದು ಅರ್ಧ ನಿಜ. ಮಕ್ಕಳು ಕಡಿಮೆಯಾದರೆ ಒಬ್ಬ ಶಿಕ್ಷಕ ಹೆಚ್ಚುವರಿಯಾಗುತ್ತಾನೆ, ಎಲ್ಲಿಗೋ ವರ್ಗವಾಗುತ್ತಾನೆ. ಆ ಸಾಲಿನಲ್ಲಿ ಮೊದಲ ಹೆಸರು ನನ್ನದೇ ಆಗಿತ್ತು.

ಅಂಥ ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಹುಡುಗರೆಲ್ಲ ಹೋದ ಮೇಲೆ, ಹೇಳದೆ ಕೇಳದೆ ಮೇಲಧಿಕಾರಿಗಳು ಬಂದರು. ಹಾಜರಿ ಪುಸ್ತಕ ತೆರೆದರು. ನಲವತ್ತು ಮಂದಿ ಹಾಜರು. ಕಿಟಕಿ ಮುಚ್ಚಲು ಉಳಿದಿದ್ದ ಬೀರಪ್ಪನನ್ನು ಕರೆದು, ಇವತ್ತು ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ಇದ್ದಿರಿ ಎಂದು ಕೇಳಿದರು. ಪುಸ್ತಕದಲ್ಲಿ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

“ಮೂವತ್ತೊಂದು ಮಂದಿ ಇದ್ವಿರಿ” ಎಂದ.

ಸಾಹೇಬರು ನನ್ನ ಕಡೆ ನೋಡಿದರು.  ನಾನು ನಕ್ಕೆ. ಲೆಕ್ಕದಲ್ಲಿ ಇವನು ತೀರ ಹಿಂದೆ ಸರ್, ಎಣಿಸುವುದಕ್ಕೂ ಬರುವುದಿಲ್ಲ ಎಂದೆ. ಅವರೂ ನಕ್ಕರು. ಹಿಂದುಳಿದ ಮಕ್ಕಳ ಕಡೆ ಗಮನ ಕೊಡಿ ಎಂದು ಬರೆದು ಸಹಿ ಹಾಕಿ ಹೋದರು. ಬೀರಪ್ಪ ಕಿಟಕಿ ಮುಚ್ಚಿ ಮನೆಗೆ ಹೋದ.

ಮುಂದಿನ ಶನಿವಾರ ತನ್ನ ಸರದಿ ಬಂದಾಗ ಅವನು ಎದ್ದು ನಿಂತ. “ನಾ ಸಾಹೇಬ್ರ ಮುಂದ ತಪ್ಪ ಎಣಿಸಿ ಹೇಳಿದೆರಿ ಸರ. ನಿಮಗ ಅವಮಾನ ಆತು” ಎಂದ. ಹುಡುಗರು ನನ್ನ ಮುಖ ನೋಡಿದರು. ನಾನು ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟಿದರು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಾಹೇಬರು ಮತ್ತೆ ಬಂದು ಆ ಹುಡುಗನ ಅಂಕ ಕೇಳಿದರೆ ಎಂಬ ಹೆದರಿಕೆ ನನಗೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನ ಗಣಿತಕ್ಕೆ ಐವತ್ತಕ್ಕೆ ಹನ್ನೊಂದು ಬರೆದೆ. ಎಲ್ಲರ ಉತ್ತರ ಪತ್ರಿಕೆ ಹಂಚಿದೆ, ಅವನದು ನನ್ನ ಮನೆಯಲ್ಲಿ ಉಳಿಯಿತು ಎಂದೆ. ನಾಲ್ಕು ದಿನಕ್ಕೆ ಅವನ ಅಪ್ಪ ಬಂದ. ಇಬ್ಬನಿಗೆ ತೊಯ್ದ ಕಂಬಳಿ ಹೊದ್ದು ಬಾಗಿಲ ಹೊರಗೇ ನಿಂತು ಕೇಳಿದ, “ಕುರಿ ಕಾಯೋರ ಮನ್ಯಾಗ ಹುಟ್ಟಿ ಎಣಿಕಿ ಬರಂಗಿಲ್ಲಂದ್ರ ಹೆಂಗ್ರಿ ಸರ?” ಎಲ್ಲರಿಗೂ ವಿದ್ಯೆ ಹತ್ತುವುದಿಲ್ಲ ಎಂದು ಸಮಾಧಾನ ಹೇಳಿದೆ. ಆತ ನನಗೆ ಕೈಮುಗಿದು, ಮಗನನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋದ.

ರಾಯಚೂರಿನಲ್ಲಿ ನಾನು ಭಾಷಣ ಮಾಡದೆ ವಾಪಸು ಬಂದೆ ಎಂದು ನೀವು ಅಂದುಕೊಂಡಿದ್ದರೆ ನನ್ನನ್ನು ಇನ್ನೂ ಅರಿತಿಲ್ಲ. ಪೂರ್ತಿ ಒಂದು ಗಂಟೆ ಮಾಡಿದೆ. ಶನಿವಾರದ ಪದ್ಧತಿಯನ್ನೂ ಹೇಳಿದೆ. ಹೊಸ ಶಿಕ್ಷಕರು ಬರೆದುಕೊಂಡರು, ನನಗೆ ಶಾಲು ಹೊದಿಸಿದರು. ಆ ಶಾಲು ಹೊದ್ದು ಬಸ್ಸಿನಲ್ಲಿ ಮರಳುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮರುದಿನವೇ ಮಲ್ಲಟಕ್ಕೆ ಹೋದೆ.

ಸಂಜೆ ಕುರಿ ಮನೆಗೆ ಬರುವ ಹೊತ್ತು. ಬೀರಪ್ಪ ಗುರುತು ಹಿಡಿದು ಕಾಲಿಗೆರಗಿದ, ಕಟ್ಟೆಯ ಮೇಲೆ ಕೂರಿಸಿದ. ಮೀಸೆ ನರೆಯುತ್ತಿತ್ತು. ಕುರಿಗಳು ಹಟ್ಟಿಗೆ ನುಗ್ಗಿದಾಗ ಅವನು ಪಕ್ಕಕ್ಕೆ ಸರಿದ. ಬಾಗಿಲಲ್ಲಿ ನಿಂತು ಎಣಿಸಿದವಳು ಅವನ ಹೆಂಡತಿ. ನೀನೇಕೆ ಎಣಿಸುವುದಿಲ್ಲ ಎಂದು ಕೇಳಿದೆ.

“ನನಗ ಎಣಿಕಿ ಬರಂಗಿಲ್ಲಲ್ರಿ ಸರ” ಎಂದ. ದೂರಿನ ದನಿಯಲ್ಲ, ನನಗೆ ಗೊತ್ತಿರುವ ಸಂಗತಿಯೆಂಬಂತೆ ಹೇಳಿದ.

ನಾನು ಎದ್ದು ನಿಂತೆ. ಅವತ್ತು ಮೂವತ್ತೊಂದೇ ಮಂದಿ ಇದ್ದದ್ದು, ನಿನ್ನ ಎಣಿಕೆ ಸರಿಯಿತ್ತು, ನನ್ನ ನೌಕರಿಯ ಜಾಗ ಉಳಿಸಿಕೊಳ್ಳಲು ಸುಳ್ಳು ಹೇಳಿದ್ದು ನಾನು ಎಂದೆ. ಅವನ ಹೆಂಡತಿ ಬಾಗಿಲು ಹಾಕುವುದನ್ನು ಬಿಟ್ಟು ನಮ್ಮ ಕಡೆ ನೋಡುತ್ತ ನಿಂತಳು.

ಬೀರಪ್ಪ ಹಟ್ಟಿಯೊಳಗಿನ ಕುರಿಗಳ ಕಡೆ ನೋಡಿದ. ಆಮೇಲೆ, “ಮಾರ್ಕ್ಸ್ ಸೈತ ಏನ್ರಿ?” ಎಂದ.

ಹೌದು ಎಂದೆ.

“ನಮ್ಮಪ್ಪ ಸಾಯೂಮಟ ಅದನ್ನ ಅಂತಿದ್ದರಿ. ನಮ್ಮ ಮನಿತನದಾಗ ಎಣಿಕಿ ಬರಲಾರದವ ನೀನೊಬ್ಬನ ನೋಡಲೇ ಅಂತಿದ್ದ. ಈಗ ಅವಗ ಯಾರು ಹೇಳಬೇಕ್ರಿ ಸರ?”

ಅವನು ಸಿಟ್ಟಾಗಲಿಲ್ಲ. ಚಹಾ ಕೊಡಿಸಿ, ಕೊನೆಯ ಬಸ್ಸಿಗೆ ಹತ್ತಿಸಿ ಹೋದ. ಅವನ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿದೆಯಂತೆ. ನಾನು ನಿವೃತ್ತನಾಗಿ ಮಾನ್ವಿಗೆ ಬಂದು ನೆಲೆಸಿ ಏಳು ವರ್ಷ. ಏನೂ ಕೆಲಸವಿಲ್ಲದೆ ಕುಳಿತಿದ್ದ ಮೂರು ವರ್ಷ ಆ ಮನುಷ್ಯ ಬದುಕಿದ್ದ, ಮತ್ತು ಮಲ್ಲಟಕ್ಕೆ ದಿನವೂ ಬಸ್ಸಿತ್ತು.