ಕಾರ್ನ್ಲಿ ಹಾರ್ಬರ್‌ನಲ್ಲಿ ಖಾಲಿ ಬಿಟ್ಟ ಆರು ಮುಂಜಾವು

ನವೆಂಬರ್ 4, ಮೊದಲ ದಿನ. ಕಂಡ ಕಡಲಸಿಂಹ: 14. ಕಂಡ ಮನೆ: ದಿನಚರಿಯಲ್ಲಿ ಅಲ್ಲಿ ಏನೂ ಬರೆಯದೆ ಬಿಟ್ಟೆ. ಗದಗಿನಿಂದ ನ್ಯೂಜಿಲೆಂಡಿನ ನೆಲ್ಸನ್ ಊರಿಗೆ ಬಂದು ಹದಿನಾಲ್ಕು ತಿಂಗಳಾದರೂ ಇಷ್ಟು ನಿರ್ಜನ ಜಾಗ ಕಂಡಿರಲಿಲ್ಲ.

ನ್ಯೂಜಿಲೆಂಡಿನ ದಕ್ಷಿಣ ತುದಿಯಿಂದ ಎರಡು ದಿನ ಹಡಗಿನಲ್ಲಿ ಹೊರಳಾಡಿದರೆ ಆಕ್ಲೆಂಡ್ ದ್ವೀಪಗಳು. ಆಕ್ಲೆಂಡ್ ನಗರಕ್ಕೂ ಇವಕ್ಕೂ ಹೆಸರಷ್ಟೇ ನಂಟು. ಅಲ್ಲಿ ಎರಡು ದ್ವೀಪಗಳ ನಡುವೆ, ಹಳೆಯ ಜ್ವಾಲಾಮುಖಿಯ ಬಾಯಿಗೆ ಕಡಲು ನುಗ್ಗಿ ಆದ ಕೊಲ್ಲಿಯೇ ಕಾರ್ನ್ಲಿ ಹಾರ್ಬರ್. ಅದರ ಕವಲುಗಳು ಒಳಗೊಳಗೆ ಬಾಗಿರುವುದರಿಂದ ಹೊರಗಡಲಿಗೆ ಏನೂ ಕಾಣದು. ಎರಡನೇ ಮಹಾಯುದ್ಧ ಶುರುವಾದಾಗ ಜರ್ಮನ್ ಹಡಗೊಂದು ಇಲ್ಲಿ ಅಡಗಿತ್ತು. ಕಲ್ಲಿದ್ದಲು ಸಾಲದೆ ರಾಟಾ ಮರಗಳನ್ನು ಕಡಿದು ತುಂಬಿಕೊಂಡು ದಕ್ಷಿಣ ಅಮೆರಿಕಕ್ಕೆ ಪಾರಾಯಿತು. ಆಮೇಲೆ ಸರ್ಕಾರ ಇಲ್ಲಿ ಕಾವಲುಗಾರರನ್ನಿಟ್ಟಿತು. ಯುದ್ಧ ಮುಗಿಯುವವರೆಗೂ ಅವರು ಗುಡ್ಡದ ಗುಡಿಸಲಿನಿಂದ ಕಡಲು ನೋಡಿದರು.

ನನ್ನ ಕೆಲಸವೂ ನೋಡುವುದೇ. ಮುಂಜಾನೆ ದಡದಲ್ಲಿ ಕೂತು, ನೀರಿಗಿಳಿಯುವ ಹೊಯ್‌ಹೊಗಳನ್ನು ಎಣಿಸಬೇಕು. ಹಳದಿ ಕಣ್ಣಿನ ಪೆಂಗ್ವಿನ್‌ಗೆ ಮಾವೊರಿ ಜನ ಇಟ್ಟ ಹೆಸರದು, ಗದ್ದಲಗಾರ ಎಂದರ್ಥ. ಎರಡು ವಾರವಾದ ಮೇಲೆ ನಮ್ಮ ಗಣತಿ ತಂಡದ ಮುಖ್ಯಸ್ಥೆ ಹೆಲೆನ್ ಕೈಗೆ ಪಟ್ಟಿ ಕೊಟ್ಟೆ. ಹದಿನಾಲ್ಕರಲ್ಲಿ ಆರು ದಿನ ಖಾಲಿ.

“ಖಾಲಿ ಅಂದರೆ ಆ ದಿನ ಯಾರೂ ನೋಡಿಲ್ಲ ಅಂತ,” ಎಂದರು ಹೆಲೆನ್ ಇಂಗ್ಲಿಷಿನಲ್ಲಿ. “ಹೀಗಾದರೆ ನಿನ್ನ ದಡದ ಲೆಕ್ಕವನ್ನೇ ಕೈಬಿಡಬೇಕಾಗುತ್ತದೆ.”

ಹಡಗಿನ ಎಂಜಿನ್ ನೋಡಿಕೊಳ್ಳುವ ಹುಬ್ಬಳ್ಳಿಯ ರಫೀಕ್ ಚಾಚಾ ಪಟ್ಟಿ ಇಣುಕಿ ನಕ್ಕರು.

“ಏನವಾ, ಡಬ್ಬ್ಯಾಗ ಅಕ್ಕಿ ತೀರಿದ್ರ ಮನ್ಯಾಗ ಏನಂತೀರಿ?”

“ಹೆಚ್ಚಾಗ್ಯಾವ ಅಂತೀವಿ.”

“ಅದನ್ನ ಪೆಂಗ್ವಿನ್‌ಗೂ ಹಚ್ಚಿಬಿಟ್ಟಿ ನೋಡು!”

ನಿಜ. ಬಾಯಲ್ಲಿ ‘ಇಲ್ಲ’ ಬರಬಾರದೆಂದು ಬೆಳೆದವಳು. ಹಕ್ಕಿ ಬಾರದ ದಿನ ಸೊನ್ನೆ ಬರೆಯಲು ಕೈ ಏಳಲಿಲ್ಲ. ಚಾಚಾ ಅದನ್ನು ವಿವರಿಸಿದಾಗ ಹೆಲೆನ್ ಗುಡ್ಡದ ಕಡೆ ನೋಡಿದರು. “ಆ ಕಾವಲುಗಾರರಿಗೆ ಒಂದೂ ಶತ್ರುಹಡಗು ಕಾಣಲಿಲ್ಲ. ಕಾಣಲಿಲ್ಲ ಎಂದು ತಿಳಿಸುವುದೇ ಅವರ ಕೆಲಸ. ನೀನು ದಡದಲ್ಲಿದ್ದದ್ದಕ್ಕೆ ಬೇರೆ ದಾಖಲೆ ಇದೆಯೇ?”

ನನ್ನ ಸ್ವಂತ ದಿನಚರಿ ಇತ್ತು, ಕನ್ನಡದಲ್ಲಿ. ಚಾಚಾ ಕನ್ನಡಕ ಏರಿಸಿ ಒಂದೊಂದೇ ದಿನ ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಎಷ್ಟು ಗಂಟೆಯಿಂದ ಎಷ್ಟರವರೆಗೆ, ಗಾಳಿ ಯಾವ ಕಡೆಯದು, ಮರಳಿನ ಮೇಲೆ ಹೊಸ ಹೆಜ್ಜೆ ನನ್ನದೊಂದೇ. ಐದು ದಿನ ಹೀಗೇ. ಆರನೆಯದಕ್ಕೆ ನಿಂತು ನನ್ನತ್ತ ನೋಡಿದರು.

“ಇದನ್ನೂ ಓದ್ಲೇನು?”

“ಓದ್ರಿ ಚಾಚಾ.”

ಹೊಟ್ಟೆ ತೊಳಸಿ ಅಂದು ನಾನು ಹಾಸಿಗೆ ಬಿಟ್ಟೆದ್ದಿರಲಿಲ್ಲ.

ಹೆಲೆನ್ ಐದು ಸೊನ್ನೆ ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಆರನೆಯದು ಖಾಲಿಯೇ ಉಳಿಯಿತು. ಲೆಕ್ಕವೂ ಉಳಿಯಿತು.

ಮೊನ್ನೆ ನೆಲ್ಸನ್‌ಗೆ ಮರಳಿದೆ. ಚಾಚಾ ಆಗಲೇ ಮತ್ತೊಂದು ಹಡಗು ಹತ್ತಿದ್ದಾರೆ. ಅವ್ವ ಫೋನ್ ಮಾಡಿದಳು.

“ಅಕ್ಕಿ ಅದಾವೇನವಾ?”

“ಹೆಚ್ಚಾಗ್ಯಾವ ಬೇ.”

“ಹಂಗಾರ ಇವತ್ತ ತಂದ್ಕೊ.”

ಅಕ್ಕಿ ತಂದು ದಿನಚರಿ ತೆರೆದೆ. ಬೀದಿಯಲ್ಲಿ ಕೇಳಿದ ಕನ್ನಡ: 0. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ.