ಬುತ್ತಿ ಕಟ್ಟಿದವರ ಪಾಲು

ಅತ್ತೆಯ ಎಡಗೈ ಮಣಿಕಟ್ಟು ಹೊರಗಡೆಗೆ ತಿರುಗಿಕೊಂಡಿತ್ತು. ತೋಳು ಒಂದು ಕಡೆ ಹೋದರೆ ಅಂಗೈ ಇನ್ನೊಂದು ಕಡೆ. ಆ ಸೊಟ್ಟ ಕೈಯಿಂದ ಹಿಟ್ಟನ್ನು ತಿರುಗಿಸುತ್ತಾ ಬಲಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ವಡೋದರಾದ ಫತೇಗಂಜಿನಲ್ಲಿ ನಮ್ಮದು ಎರಡನೆಯ ಮಹಡಿಯ ಮನೆ. ಬೆಳಿಗ್ಗೆ ಆ ಬಡಿತ ಶುರುವಾಯಿತೆಂದರೆ ಕೆಳಗಿನ ಮನೆಯ ಗುಜರಾತಿ ಹೆಂಗಸು, ಸೂರು ಮುರಿದು ಬೀಳುತ್ತದೆ ಎಂದು ಕೂಗುತ್ತಿದ್ದಳು: "ಮಾಸಿ, ಛತ್ ತೂಟಿ ಜಶೆ!" ಅತ್ತೆ ಕನ್ನಡದಲ್ಲೇ, "ಬೀಳಲಿ ಬಿಡ, ಕಟ್ಟಿಸಿದಾಂವ ನನ್ನ ಗಂಡ ಅಲ್ಲ" ಎನ್ನುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯದಿದ್ದರೂ ಇಬ್ಬರೂ ನಗುತ್ತಿದ್ದರು.

ಕೈ ಹೇಗೆ ಸೊಟ್ಟಗಾಯಿತೆಂದು ಯಾರಾದರೂ ಕೇಳಿದರೆ ಒಂದೇ ಉತ್ತರ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಳದ ಹತ್ತಿರ ಜಾರಿ ಬಿದ್ದದ್ದು. ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ. ಆತ ಸತ್ತ ಮೇಲೆ ಆಕೆ ಒಂದು ಟ್ರಂಕ್ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ನನ್ನ ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಗುಜರಾತಿಗೆ ಬಂದವನು ಇಲ್ಲೇ ಬೇರು ಬಿಟ್ಟಿದ್ದ.

ಅತ್ತೆಯನ್ನು ದೇವತೆ ಮಾಡಲು ನಾನೇನೂ ಕೂತಿಲ್ಲ. ಆಕೆಯ ಮಗ ನನ್ನನ್ನು ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೆ ಹೊಡೆತ, ಮಕ್ಕಳಾಗಲಿಲ್ಲವೆಂದು ಹೊಡೆತ, ಬ್ಯಾಂಕಿನಲ್ಲಿ ಮ್ಯಾನೇಜರ್ ಬೈದರೆ ಅದಕ್ಕೂ ನನ್ನ ಬೆನ್ನೇ. ಬೆಲ್ಟು, ಚಪ್ಪಲಿ, ಒಮ್ಮೆ ಕುಕ್ಕರಿನ ಮುಚ್ಚಳ. ಹುಬ್ಬಿನ ಮೇಲೆ ಅದರ ಗುರುತು ಇವತ್ತಿಗೂ ಇದೆ. ಆಗೆಲ್ಲ ಅತ್ತೆ ಮಾಡುತ್ತಿದ್ದ ಕೆಲಸ ಒಂದೇ, ಎದ್ದು ಕಿಟಕಿ ಮುಚ್ಚುವುದು. "ಕೆಳಗಿನಾಕಿಗೆ ಕೇಳತದ" ಎನ್ನುತ್ತಿದ್ದಳು. ಆಮೇಲೆ ಅರಿಶಿನ ಬಿಸಿ ಮಾಡಿ ತಂದು ಹಚ್ಚುತ್ತಿದ್ದಳು. ಆ ಅರಿಶಿನಕ್ಕಿಂತ ಕಿಟಕಿಯ ಚಿಲಕದ ಸಪ್ಪಳವೇ ನನಗೆ ಹೆಚ್ಚು ನೆನಪಿದೆ. ಅದನ್ನು ನಾನು ಕ್ಷಮಿಸಿಲ್ಲ. ಸತ್ತವಳ ಹೆಸರಿನಲ್ಲಿ ಸುಳ್ಳು ಯಾಕೆ ಬರೆಯಲಿ?

ಸೂರತ್ತಿನಲ್ಲಿ ಪ್ಲೇಗ್ ಬಂದು ಹೋದ ಮರುವರ್ಷ ಇರಬೇಕು, ಬ್ಯಾಂಕಿನವರು ನೌಕರರಿಗೆಲ್ಲ ಒಂದು ಫಾರ್ಮ್ ಕೊಟ್ಟರು. ನಿವೃತ್ತಿಯಾದ ಮೇಲೆ ತಿಂಗಳು ತಿಂಗಳು ಪೆನ್ಷನ್ ಬೇಕೋ, ಅಥವಾ ಪಿ.ಎಫ್. ಗಂಟು ಒಂದೇ ಸಲ ಬೇಕೋ, ಬರೆದುಕೊಡಿ ಎಂದು. ಪೆನ್ಷನ್ ಆರಿಸಿಕೊಂಡರೆ ಗಂಡ ಹೋದ ಮೇಲೂ ಹೆಂಡತಿಗೆ ಒಂದಿಷ್ಟು ಬರುತ್ತದೆ. ನನ್ನ ಗಂಡ ಎರಡನೆಯದಕ್ಕೆ ಗುರುತು ಹಾಕಿ ಮೇಜಿನ ಮೇಲೆ ಇಟ್ಟಿದ್ದ.

ಅತ್ತೆಗೆ ಓದಲು ಬರುತ್ತಿರಲಿಲ್ಲ. ಬರೆಯಲು ಬರುತ್ತಿದ್ದದ್ದು ತನ್ನ ಹೆಸರೊಂದೇ. ಅದನ್ನೂ ಕಲಿಸಿದವಳು ನಾನು. "ಏನ್ ಬರದಾನ ಓದಿ ಹೇಳು" ಎಂದಳು. ಹೇಳಿದೆ. ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕುಸಿದು ಕೂತಳು.

"ನಮ್ಮ ಗಾರ್ಡ್ ಸಾಹೇಬನೂ ಹಿಂಗ ಗಂಟು ಬೇಡಿದ್ದ. ಬಂದ ಗಂಟು ಗದಗಿನಾಗ ಒಬ್ಬಾಕಿ ಮನಿಗೆ ಹೋತು. ನನ್ನ ಪಾಲು ಎಲ್ಲಿ ಅಂತ ಒಂದ ಮಾತು ಕೇಳಿದೆ. ಗಾಡಿ ಬಿಡೋ ಝಂಡಾದ ಕೋಲಿಲೆ ಹೊಡದ. ನಳದ ಹಂತ್ಯಾಕ ಜಾರಿದ್ದಲ್ಲ ಇದು" ಎಂದು ಸೊಟ್ಟ ಕೈಯನ್ನು ನನ್ನ ಮುಖದ ಮುಂದೆ ಹಿಡಿದಳು. "ಆಂವ ಸತ್ತಮ್ಯಾಲೆ ಬಾಜೂ ಮನಿ ಗ್ಯಾಂಗ್‌ಮನ್ನನ ಹೆಂಡತಿಗೆ ಗಂಡ ಹೋದಮ್ಯಾಲೂ ತಿಂಗಳಾ ಪೆನ್ಷನ್ ಬರತಿತ್ತು. ನನಗ ಬಂದದ್ದು ಆಂವ ಊದೋ ಸೀಟಿ."

ಅದಾದ ಮೇಲೆ ಮಗ ಮತ್ತೊಮ್ಮೆ ನನ್ನ ಮೇಲೆ ಕೈ ಎತ್ತಿದಾಗ ಅತ್ತೆ ಎದ್ದು ಹೋಗಿ ಕಿಟಕಿಯನ್ನು ಹಾರುಹೊಡೆದು ತೆರೆದಳು. ನಾನು ಕೂಗಿದ್ದು ಇಡೀ ಓಣಿಗೆ ಕೇಳಿತು. ಅವನು ಕೈ ಇಳಿಸಿದ.

ಮುಂದಿನ ವರ್ಷ ಅವನು ನೌಕರಿಗೆ ರಾಜೀನಾಮೆ ಕೊಟ್ಟ. ಸೂರತ್ತಿನಲ್ಲಿ ಸೀರೆ ವ್ಯಾಪಾರ ಮಾಡುತ್ತೇನೆ, ನೀನು ನನಗೆ ಬೇಡ, ಡೈವೋರ್ಸ್ ಕೊಡು ಎಂದ. ಕೊಡದೆ ಏನು? ಬೇಡಿಕೊಂಡು ಇರುವಂಥ ಸುಖ ಅಲ್ಲಿ ಏನಿತ್ತು! ಆದರೆ ನಲವತ್ತು ದಾಟಿದ ನಾನು ಬರಿಗೈಯಲ್ಲಿ ಎಲ್ಲಿಗೆ ಹೋಗಲಿ? ಹದಿನೆಂಟು ವರ್ಷದ ಸಂಸಾರಕ್ಕೆ ಮನೆಯಿಲ್ಲ, ಹೊಲವಿಲ್ಲ. ಇದ್ದದ್ದು ಆ ಪಿ.ಎಫ್. ಒಂದೇ. ನನ್ನ ವಕೀಲೆ ಕೈ ಚೆಲ್ಲಿದಳು. ಫಂಡಿನಲ್ಲಿ ಇರುವ ತನಕ ಆ ಹಣವನ್ನು ಕೋರ್ಟ್ ಮುಟ್ಟುವಂತಿಲ್ಲ, ಗಂಡನ ಕೈಗೆ ಬಂದ ಮೇಲೆ ಕೇಳಬಹುದು ಎಂದಿದ್ದಳು. ಅಷ್ಟರಲ್ಲಿ ಹಣ ಕೈಗೆ ಬಂದ ವಾರವೇ ಅವನು ಅಷ್ಟನ್ನೂ ತಾಯಿಯ ಹೆಸರಿನಲ್ಲಿ ಠೇವಣಿ ಇಟ್ಟುಬಿಟ್ಟಿದ್ದ. ಈಗ ಕೇಳೋಣವೆಂದರೆ ಅದು ಅವನದೇ ಅಲ್ಲ.

ಬ್ಯಾಂಕಿನವನ ಬುದ್ಧಿ! ಸಾಲ ಕೇಳಲು ಬಂದವರ ಹಣೆಬರಹವನ್ನೆಲ್ಲ ಓದುತ್ತಿದ್ದವನು ಹೆತ್ತ ತಾಯಿಯನ್ನು ಒಂದು ಸಹಿ ಎಂದಷ್ಟೇ ತಿಳಿದಿದ್ದ. ಠೇವಣಿಯ ರಸೀದಿಯನ್ನೂ ಆಕೆಯ ಟ್ರಂಕಿನಲ್ಲೇ ಇಟ್ಟಿದ್ದ. ಮುದುಕಿಯ ಟ್ರಂಕನ್ನು ಯಾರು ಹುಡುಕುತ್ತಾರೆ ಎಂದು.

ಒಂದು ಮಧ್ಯಾಹ್ನ ರೊಟ್ಟಿಗೆ ಹಂಚು ಕಾಯಲು ಇಟ್ಟು ಅತ್ತೆ ಆ ರಸೀದಿಯನ್ನು ತಂದು ನನ್ನ ಕೈಯಲ್ಲಿ ಓದಿಸಿದಳು. ಆಮೇಲೆ ಒಳಗಿನಿಂದ ಒಂದು ಹಿಡಿ ಶೇಂಗಾ ತಂದು ನೆಲದ ಮೇಲೆ ಎಣಿಸಿ ಸಾಲಾಗಿ ಇಟ್ಟಳು. ಇಪ್ಪತ್ತಮೂರು.

"ಇದು ಅವನ ನೌಕರಿ, ಇಪ್ಪತ್ತಮೂರು ವರ್ಷ. ಒಂದ ದಿನಾನೂ ಉಪವಾಸ ನೌಕರಿಗೆ ಹೋಗಿಲ್ಲ. ಹದಿನೆಂಟು ವರ್ಷ ಬುತ್ತಿ ಕಟ್ಟಿದಾಕಿ ನೀನು. ಅದರಾಗ ಒಂಬತ್ತು ನಿಂದು, ಒಂಬತ್ತು ಅವಂದು." ಕಾಳುಗಳನ್ನು ಎರಡು ಕಡೆಗೆ ಸರಿಸಿದಳು. "ಮದುವಿಗಿಂತ ಮೊದಲಿನ ಐದು ವರ್ಷ ಹುಬ್ಬಳ್ಳ್ಯಾಗ ಕಟ್ಟಿದಾಕಿ ನಾನು. ಅದರಾಗ ಅರ್ಧಾ ನಂದು, ಅರ್ಧಾ ಅವಂದು." ಎರಡೆರಡು ಕಾಳು ಇಟ್ಟು, ಉಳಿದ ಒಂದು ಶೇಂಗಾವನ್ನು ಉಗುರಿನಿಂದ ಬಿಡಿಸಿ ಎರಡು ಬೇಳೆ ಮಾಡಿದಳು. ನಮ್ಮ ವಕೀಲೆಗೂ ಹೊಳೆಯದ ಲೆಕ್ಕ ಅದು. ನನಗೆ ನಗು ಬಂತು, ನಗುತ್ತಿದ್ದಂತೆ ಅಳುವೂ ಬಂತು.

ಆಗ ಅವನು ಬಂದ. ನೆಲದ ಮೇಲೆ ಶೇಂಗಾ, ನನ್ನ ಕೈಯಲ್ಲಿ ರಸೀದಿ. "ಏನಿದು?" ಎಂದ. ಅತ್ತೆ ಒಂದಿಷ್ಟೂ ಅಂಜದೆ, "ಈ ಬಾಜೂ ನಿಂದಪಾ, ಎಣಿಸಿಕೋ" ಎಂದಳು.

ಅವನು ಕಾಳುಗಳನ್ನು ಒದ್ದ. ಇನ್ನೊಂದು ಒದೆತ ನನ್ನ ಹೊಟ್ಟೆಗೆ ಬಿತ್ತು. ಕೂದಲು ಹಿಡಿದು ಎತ್ತಿ ನನ್ನ ತಲೆಯನ್ನು ಗೋಡೆಗೆ ಬಡಿದ, ಒಮ್ಮೆ, ಎರಡನೆಯ ಸಲ. ಬಾಯಿ ತುಂಬ ರಕ್ತ. ಮೂರನೆಯ ಸಲ ಬಡಿಯುವ ಮೊದಲು ಅತ್ತೆ ಒಲೆಯ ಮೇಲಿದ್ದ ಕಾದ ಹಂಚನ್ನು ಸೆರಗಿನಲ್ಲಿ ಹಿಡಿದು ತಂದು ಅವನ ಭುಜಕ್ಕೆ ಅಪ್ಪಳಿಸಿದಳು. ಅಂಗಿ ಸುಟ್ಟ ವಾಸನೆ ಬಂತು. "ನಿನ್ನ ಬಾಯಾಗ ಮಣ್ಣು ಬೀಳಲಿ! ಬಿಡು ಅಕೀನ್ನ!" ಎಂದು ಕಿರುಚಿದಳು. ಅವನು ನನ್ನನ್ನು ಬಿಟ್ಟು ತಾಯಿಯ ಬಲಗೈಯನ್ನು ಹಿಡಿದ.

"ಸಹಿ ಮಾಡೋ ಕೈ ಇದ ಹೌದಲ್ಲೋ?" ಎಂದ.

ತಿರುವಿದ. ಹಸಿ ಕಟ್ಟಿಗೆ ಮುರಿದ ಹಾಗೆ ಸಪ್ಪಳವಾಯಿತು. ಕಿಟಕಿ ತೆರೆದೇ ಇತ್ತು. ಕೆಳಗಿನಾಕೆ ಮೆಟ್ಟಿಲು ಹತ್ತಿ ಓಡಿ ಬರುವುದನ್ನು ನೋಡಿ ಅವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದ. ರಸೀದಿ ನನ್ನ ಮುಷ್ಟಿಯಲ್ಲೇ ಇತ್ತು, ರಕ್ತ ಹತ್ತಿತ್ತು ಅಷ್ಟೆ.

ಕೆಳಗಿನಾಕೆಯೇ ನಮ್ಮಿಬ್ಬರನ್ನೂ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದಳು. ಹೇಗೆ ಬಿದ್ದಿರಿ ಎಂದು ಡಾಕ್ಟರ್ ಕೇಳಿದ. ಜಾರಿ ಬಿದ್ದೆ ಎಂಬ ಮಾತು ಅತ್ತೆಯ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇರುತ್ತದೆ ಎಂದುಕೊಂಡೆ. ಅತ್ತೆ ತನಗೆ ಬರುವ ನಾಲ್ಕು ಹಿಂದಿ ಶಬ್ದಗಳನ್ನು ಒಟ್ಟು ಮಾಡಿ, ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು: "ಮೇರಾ ಬೇಟಾ ತೋಡಾ. ಲಿಖೋ!" ಮಗನೇ ಮುರಿದದ್ದು ಎಂದು ಡಾಕ್ಟರ್ ಬರೆದುಕೊಂಡ.

ಆ ವಾರವೆಲ್ಲ ನನ್ನ ಮೈಯಲ್ಲಿ ಬೆಂಕಿ. "ಒಂದ ಪೈಸಾ ಅವಗ ಕೊಡಬ್ಯಾಡ್ರಿ ಅತ್ತಿ, ಎಲ್ಲಾ ನನಗ ಕೊಡ್ರಿ. ಬೀದ್ಯಾಗ ಬಿದ್ದು ಸಾಯಲಿ" ಎಂದೆ. ಆ ಹಣಕ್ಕೆ ಆಕೆಯೇ ಒಡತಿ, ಮನಸ್ಸು ಮಾಡಿದರೆ ಆಗುತ್ತಿತ್ತು. ಅತ್ತೆ ಒಮ್ಮೆಲೇ ಎಡಗೈ ಬೀಸಿ ನನ್ನ ಕೆನ್ನೆಗೆ ಹೊಡೆದಳು. ಹದಿನೆಂಟು ವರ್ಷದಲ್ಲಿ ಆಕೆ ನನ್ನನ್ನು ಹೊಡೆದದ್ದು ಅದೊಂದೇ ಸಲ.

"ಇವತ್ತು ಅವನ ಪಾಲು ನುಂಗತಿ, ನಾಳೆ ಯಾರ ಕೈ ಮುರೀತಿ? ಶೇಂಗಾ ಎಣಿಸೀನಿ ನಾನು. ಎಣಿಸಿದ್ದು ಎಣಿಸಿದಂಗ."

ನನಗೆ ಸಿಟ್ಟು ಬಂತು. ನ್ಯಾಯ ಯಾರಿಗೆ ಬೇಕಾಗಿತ್ತು, ನನಗೆ ಬೇಕಾಗಿದ್ದದ್ದು ಸೇಡು. ಎರಡು ದಿನ ಆಕೆಯ ಜೊತೆ ಮಾತು ಬಿಟ್ಟೆ, ತುತ್ತು ಮಾಡಿ ಉಣ್ಣಿಸುವಾಗಲೂ ಮುಖ ತಿರುಗಿಸಿಕೊಂಡೇ ಉಣ್ಣಿಸಿದೆ. ಮೂರನೆಯ ದಿನ ಇಬ್ಬರೂ ಬ್ಯಾಂಕಿಗೆ ಹೋದೆವು.

ಬಲಗೈ ಬೆರಳಿನ ತನಕ ಪ್ಲಾಸ್ಟರಿನಲ್ಲಿತ್ತು. ಸಹಿ ಸಾಧ್ಯವಿಲ್ಲ, ಹಾಗಾದರೆ ಹೆಬ್ಬೆಟ್ಟು ಒತ್ತಿ ಎಂದರು. ಕೌಂಟರಿನ ಗುಮಾಸ್ತ, ಹೆಂಗಸರದು ಬಲಗೈ ಹೆಬ್ಬೆಟ್ಟು ಆಗಬೇಕಲ್ಲ ಎಂದು ತಲೆ ಕೆರೆದುಕೊಂಡ. ಒಳಗಿನಿಂದ ಬಂದ ಅಧಿಕಾರಿ ಪ್ಲಾಸ್ಟರನ್ನೂ ನನ್ನ ಮುಖದ ಬಾವನ್ನೂ ನೋಡಿ, ಎಡಗೈಯದೇ ಸಾಕು, ಇಬ್ಬರು ಸಾಕ್ಷಿ ಇರಲಿ ಎಂದ. ಅತ್ತೆ ಆ ಸೊಟ್ಟ ಕೈಯನ್ನು ಶಾಯಿಯ ಮೇಲೆ ಇಟ್ಟಳು. ಗಂಡ ಮುರಿದ ಕೈ. ಮಣಿಕಟ್ಟು ಬಗ್ಗದೆ ಇಡೀ ಮೈಯನ್ನೇ ವಾಲಿಸಿ ಒತ್ತಿದಳು. ನನ್ನ ಪಾಲು ನನ್ನ ಖಾತೆಗೆ, ಮಗನ ಪಾಲು ಮಗನ ಖಾತೆಗೆ, ತನ್ನ ಎರಡೂವರೆ ವರ್ಷ ತನ್ನ ಹೆಸರಿಗೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, "ಬುತ್ತಿ ಕಟ್ಟಿದ್ದು ಇಷ್ಟು ದಿನಕ್ಕ ಮುಟ್ಟಿತು ನೋಡು" ಎಂದಳು.

ಡಾಕ್ಟರ್ ಬರೆದ ಕಾಗದ ನಮ್ಮ ವಕೀಲೆಯ ಕೈಯಲ್ಲಿತ್ತು. ಪೊಲೀಸರ ಹೆದರಿಕೆಗೆ ಅವನು ಕೋರ್ಟಿನಲ್ಲಿ ಪಾಲಿಗೆ ತಕರಾರು ತೆಗೆಯದೆ ಡೈವೋರ್ಸಿನ ಒಪ್ಪಿಗೆಗೆ ಸಹಿ ಹಾಕಿ ಸೂರತ್ತಿಗೆ ಹೋದ. ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

ಅತ್ತೆ ನನ್ನ ಜೊತೆ ಬಂದಳು. ಕಾಗದದ ಪ್ರಕಾರ ಆಕೆ ನನ್ನ ಅತ್ತೆಯಲ್ಲ, ನಾನು ಸೊಸೆಯಲ್ಲ. ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ನನ್ನ ಪಾಲಿನ ಹಣದಲ್ಲಿ ಗ್ಯಾಸು, ಪಾತ್ರೆ, ಡಬ್ಬಿಗಳನ್ನು ಕೊಂಡೆ. ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಕರ್ನಾಟಕದಿಂದ ಬಂದ, ಮದುವೆಯಾಗದ ವಿಜ್ಞಾನಿಗಳು ಬೇಕಾದಷ್ಟು ಜನ ಇದ್ದರು. ಅವರಿಗೆ ಬುತ್ತಿ ಕಟ್ಟಿದೆ, ಈ ಸಲ ದುಡ್ಡಿಗೆ. ಎರಡೂ ಕೈ ಸೊಟ್ಟಗಾಗಿ ಅತ್ತೆಗೆ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಕೂತಲ್ಲಿಂದಲೇ ನನ್ನ ರೊಟ್ಟಿಗೆ ಹೆಸರಿಡುತ್ತಿದ್ದಳು. "ಇದೇನ್ ರೊಟ್ಟಿಯೋ, ಗಾರ್ಡ್ ಸಾಹೇಬನ ಝಂಡಾನೋ?"

ತನ್ನ ಪಾಲನ್ನು ಆಕೆ ಒಂದು ಸಲವೂ ಮುಟ್ಟಲಿಲ್ಲ. ಅದನ್ನು ಇಲ್ಲಿನ ಬ್ಯಾಂಕಿಗೆ ತಂದಾಗ ನಾಮಿನಿ ಎಂದು ನನ್ನ ಹೆಸರು ಹೇಳಿದಳು. ಇವರು ನಿಮಗೆ ಏನಾಗಬೇಕು ಎಂದು ಗುಮಾಸ್ತ ಕೇಳಿದ. ನಾನು ಏನು ಹೇಳಲಿ ಎಂದು ಒದ್ದಾಡುತ್ತಿದ್ದರೆ, ಅಂಗಡಿಯವರ ಬಾಯಲ್ಲಿ ದಿನಾ ಕೇಳುವ ಶಬ್ದವೊಂದನ್ನು ಅತ್ತೆ ಹೇಳಿಬಿಟ್ಟಳು: "ಭಾಗೀದಾರ್." ಪಾಲುದಾರಳು. ಗುಮಾಸ್ತ ಹಾಗೆಯೇ ಬರೆದ.

ಮೂರು ವರ್ಷ ಬದುಕಿದಳು. ಒಂದು ಬೆಳಿಗ್ಗೆ ಚಹಾ ಕುಡಿದು, ಡಬ್ಬಿಗಳಲ್ಲಿ ಒಂದಕ್ಕೆ ಚಟ್ನಿ ಹಾಕಿಲ್ಲವೆಂದು ನನ್ನನ್ನು ಬೈದು, ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ನಾನು ಎದೆ ಬಡಿದುಕೊಂಡು ಅತ್ತುಬಿಟ್ಟೆ. ನನ್ನ ತಾಯಿಗೂ ಅಷ್ಟು ಅತ್ತಿರಲಿಲ್ಲ.

ಮಗನಿಗೆ ಹೇಳಿಕಳಿಸಿದೆ. ಸೂರತ್ತಿನಿಂದ ಸಂಜೆಗೆ ಬಂದ. ಚಟ್ಟದ ಮೇಲೆ ಮಲಗಿಸಿ ಕೈ ಜೋಡಿಸಿರಿ ಎಂದರು ಭಟ್ಟರು. ಕೈ ಜೋಡಲಿಲ್ಲ. ಎಡಗೈ ಆ ಕಡೆಗೆ, ಬಲಗೈ ಈ ಕಡೆಗೆ. ಅವನು ಮುಂದೆ ಬಂದು ಎರಡೂ ಮಣಿಕಟ್ಟುಗಳನ್ನು ಹಿಡಿದು ಒತ್ತತೊಡಗಿದ.

"ಕೈ ಬಿಡು," ಎಂದೆ. "ಇನ್ನೂ ಎಷ್ಟು ಸಲ ಮುರೀತಿ?"

ಅವನು ಬಿಟ್ಟ. ಜೋಡದ ಆ ಕೈಗಳ ಸಮೇತ ಆಕೆಯನ್ನು ಎತ್ತಿದೆವು. ಒಂದು ಕಡೆ ಹೆಗಲು ಕೊಟ್ಟವಳು ನಾನು.