ಮಹಡಿಗೆ ಮುನ್ನ ಮೆಟ್ಟಿಲು

ಕುಬಿಹಾಳದ ನಮ್ಮ ಮನೆಯ ಮೆಟ್ಟಿಲಿಗೆ ಮಹಡಿ ಬರುವುದಿಲ್ಲ, ನನಗೆ ಡಿಗ್ರಿ ಬರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟವನು ನನ್ನ ಅಪ್ಪನ ತಮ್ಮ ಫಕ್ಕೀರಪ್ಪ ಕಾಕಾ. "ಎರಡೂ ಅರ್ಧಕ್ಕ ನಿಲ್ತಾವು, ಬೇಕಾದ್ರ ಬರದ ಇಟ್ಕೋ" ಎಂದು ಬಸಿಯಲ್ಲಿದ್ದ ಚಹಾ ಸುರ್ರೆಂದು ಹೀರಿದ್ದ.

ನಮ್ಮ ಕಡೆ ಮನೆ ಕಟ್ಟುವ ಕ್ರಮವೇ ಹಾಗೆ, ಓದುಗರೇ. ಮಹಡಿ ಮುಂದೆಂದೋ ಏಳುವುದು, ಮೆಟ್ಟಿಲು ಮಾತ್ರ ಈಗಲೇ ಸಿದ್ಧ. ಈ ವಾಸ್ತುಶಾಸ್ತ್ರ ನನ್ನ ರಕ್ತದಲ್ಲೂ ಹರಿದಿರಬೇಕು. ಹಳ್ಳಿಶಾಲೆಗಳ ಗ್ರಂಥಾಲಯಕ್ಕಾಗಿ ಊರೂರಿನವರು ಸೇರಿ ಪುಕ್ಕಟೆಯಾಗಿ ಬೆಳೆಸುತ್ತಿದ್ದ ಓಪನ್ ಸೋರ್ಸ್ ತಂತ್ರಾಂಶವೊಂದಕ್ಕೆ, ಕೊನೆಯ ವರ್ಷದ ಪ್ರಾಜೆಕ್ಟಾಗಿ ನಾನೊಂದು ಮಾಡ್ಯೂಲ್, ಎಂದರೆ ಅದಕ್ಕೆ ಜೋಡಿಸುವ ಬಿಡಿಭಾಗ, ಬರೆಯತೊಡಗಿದ್ದೆ. ಪುಸ್ತಕಗಳನ್ನು ಕನ್ನಡದ ಅಕ್ಷರಕ್ರಮದಲ್ಲಿ ಜೋಡಿಸುವ ಭಾಗ ಮುಗಿದಿತ್ತು. ಬೇಕಾದ ಪುಸ್ತಕವನ್ನು ಮುಂಚಿತವಾಗಿ ಕಾಯ್ದಿರಿಸುವ ಭಾಗ ಹೆಸರಿಗಷ್ಟೇ ಇತ್ತು. ಆದರೂ ಅದರ ಬಟನ್ನನ್ನು ಚೆಂದದ ಹಸಿರು ಬಣ್ಣ ಬಳಿದು ಮುಖಪುಟದಲ್ಲೇ ಕೂರಿಸಿ, ಎಲ್ಲರೂ ಬಳಸುವ ಮುಖ್ಯ ಕೋಡಿಗೆ ಸೇರಿಸಿದೆ. ಒತ್ತಿದವರ ಪರದೆಯೆಲ್ಲ ಬಿಳಿಚಿಕೊಂಡು ನಿಂತಿತು.

ತಂತ್ರಾಂಶದ ಉಸ್ತುವಾರಿ ನೋಡುವ ಸುನಂದಾ ಮೇಡಂ ಫೋನು ಮಾಡಿದರು. "ಏನ್ವಾ, ಒತ್ತಿದ್ರ ಒಳಗ ಏನೂ ಇಲ್ಲಲ್ಲ? ಸೋಮವಾರ ಬಿಡುಗಡಿ ಐತಿ. ಮುಗಸು, ಇಲ್ಲಾಂದ್ರ ಪೂರ್ತಾ ಕಿತ್ತ ಒಗೀತೇನಿ."

ಕಿತ್ತರೆ ಪ್ರಾಜೆಕ್ಟಿಲ್ಲ, ಪ್ರಾಜೆಕ್ಟಿಲ್ಲದೆ ಡಿಗ್ರಿಯಿಲ್ಲ, ಕಾಕಾನ ಭವಿಷ್ಯವಾಣಿಯಂತೂ ಅಗದಿ ನಿಜ. ಈ ಚಿಂತೆ ಹೊತ್ತು ಮೆಟ್ಟಿಲ ಬುಡದಲ್ಲಿ ಕುಳಿತಾಗ ಬೆನ್ನಿಗೆ ತಾಗಿದ್ದು ಅವ್ವ ನಿಲ್ಲಿಸಿದ್ದ ಹಳೆಯ ಬಾಗಿಲು. ಹಿಂದೊಮ್ಮೆ ನಮ್ಮ ಆಡು ಸಡಗರದಿಂದ ಮೆಟ್ಟಿಲೇರಿ, ಮೇಲೇನೂ ಇಲ್ಲದ್ದನ್ನು ಕಂಡು, ಇಳಿಯಲೂ ತಿಳಿಯದೆ ಓಣಿಗೆಲ್ಲ ಕೇಳುವಂತೆ ಅರಚಿತ್ತು. ಅವ್ವ ಮೆಟ್ಟಿಲನ್ನು ಒಡೆಸಲಿಲ್ಲ, ಮಹಡಿಗೂ ಕಾಯಲಿಲ್ಲ; ಬುಡಕ್ಕೊಂದು ಬಾಗಿಲಿಟ್ಟು ಕೀಲಿ ಜಡಿದಳು.

ನಾನೂ ಅದನ್ನೇ ಮಾಡಿದೆ. ಮಾಡ್ಯೂಲನ್ನು ಎರಡಾಗಿ ಸೀಳಿ, ಮುಗಿದದ್ದನ್ನು ಬಳಕೆಗೆ ಬಿಟ್ಟು, ಮುಗಿಯದ್ದನ್ನು ಮುಖ್ಯ ಕೋಡಿನಲ್ಲೇ ಇರಿಸಿ, ಕೋಡ್ ಬರೆಯುವವರು ಬೇಕೆಂದೇ ತೆರೆಯದ ಹೊರತು ಯಾರಿಗೂ ಕಾಣದಂತೆ ಒಂದು ಸ್ವಿಚ್ಚಿನ ಹಿಂದೆ ಮುಚ್ಚಿ, ಏನೇನು ಬಾಕಿಯೆಂದು ಮೇಲೊಂದು ಟಿಪ್ಪಣಿ ಅಂಟಿಸಿದೆ. "ಹಿಂಗಿದ್ರ ಇರ್ಲಿ ಬಿಡು" ಎಂದರು ಮೇಡಂ. ಕಾಲೇಜೂ ಒಪ್ಪಿತು. ಈಗ ಆ ತಂತ್ರಾಂಶದ ಅರ್ಧಂಬರ್ಧ ಮಾಡ್ಯೂಲುಗಳೆಲ್ಲ ನನ್ನದೇ ಸುಪರ್ದಿಯಲ್ಲಿವೆ. ಅಂದರೆ ಕಂಡಕಂಡ ಬಟನ್ ಒತ್ತುವ ಸಕಲ ಆಡುಗಳ ಹೊಣೆ ನನ್ನದು.

ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವಳು ನಾನು. ಒಮ್ಮೊಮ್ಮೆ ಅನ್ನಿಸುತ್ತದೆ, ನಾನೂ ಬಹುಕಾಲ ಬಾಕಿಯುಳಿದ ಮಾಡ್ಯೂಲೇ ಆಗಿದ್ದೆ; ಕಿತ್ತೊಗೆಯದೆ ಇಟ್ಟುಕೊಂಡದ್ದು ಅವ್ವನ ದೊಡ್ಡತನ.

ಪದವಿಯ ಪ್ರಮಾಣಪತ್ರ ಬಂದ ದಿನ ಅದನ್ನು ನೇರ ಕಾಕಾನ ಕೈಗೇ ಕೊಟ್ಟೆ. ಅವನು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದು, ಹಿಂದುಮುಂದು ಹೊರಳಿಸಿ ನೋಡಿ, ನನ್ನತ್ತ ತಿರುಗದೆ ಅವ್ವನಿಗೆ ಹೇಳಿದ:

"ವೈನಿ, ಆ ಮೆಟ್ಟಲದ ಕೀಲಿಕೈ ಎಲ್ಲಿಟ್ಟೀರಿ? ತಗೀರಿ, ಮ್ಯಾಲ ಎಷ್ಟ ಜಾಗಾ ಐತಿ ನೋಡೂಣು."